ಲಂಕೆಯಲ್ಲಿ ಕಟ್ಟದೆ ಉಳಿದ ಗುಡ್ಲು

ಸಿದ್ದಗಂಗಮ್ಮ ಹಡಗು ಹತ್ತಿ ಪರದೇಶಕ್ಕೆ ಹೋಗಿ ಬಂದಾಕೆ ಎಂದರೆ ನಮ್ಮ ದಂಡಿನಶಿವರದ ಈಗಿನ ಹುಡುಗರು ನಂಬುವುದಿಲ್ಲ, ಹಲ್ಲು ಕಿರಿಯುತ್ತಾರೆ. ಕಿರಿಯಲಿ. ಆ ಹಡಗಿನಲ್ಲಿ ಆಕೆಯ ಮಡಿಲಿಗೇ ವಾಂತಿ ಮಾಡಿಕೊಂಡವಳು ನಾನು. ಕೊಬ್ಬರಿ ವ್ಯಾಪಾರದ ಬಸವರಾಜಪ್ಪನವರ ಮಗಳು ವಿಮಲ ಎಂದರೆ ಊರಿಗೆಲ್ಲ ಗೊತ್ತು. ಸುಳ್ಳು ಹೇಳುವವಳಲ್ಲ, ಬಾಯಿ ಸ್ವಲ್ಪ ಜೋರು ಅಷ್ಟೆ. ಮೊನ್ನೆ ಆಕೆಯನ್ನು ಮಣ್ಣು ಮಾಡಿ ಬಂದೆವು. ಹೆಣ ಇನ್ನೂ ಅಂಗಳದಲ್ಲಿರುವಾಗಲೇ ಕೆಲವು ಹೆಂಗಸರು, "ಮಗಳ ಆಟಕ್ಕೋಸ್ಕರ ತವರು ಕಳ್ಕಂಡ್ಲು ಕಣೇ" ಎಂದು ಪಿಸುಗುಟ್ಟಿದ್ದು ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು. ಆದದ್ದೇನು ಎಂದು ಅಲ್ಲಿದ್ದ ನಾನು ಹೇಳದಿದ್ದರೆ ಆ ಪಿಸುಮಾತೇ ಆಕೆಯ ಚರಿತ್ರೆಯಾಗಿ ಉಳಿದುಬಿಡುತ್ತದೆ.

ಆಕೆ ಹುಟ್ಟಿದ್ದು ದಬ್ಬೇಘಟ್ಟದಲ್ಲಿ. ಹುಡುಗಿಯಾಗಿದ್ದಾಗ ಭಾರಿ ಓಟಗಾತಿಯಂತೆ. ಹಗ್ಗ ಕಿತ್ತುಕೊಂಡ ಕರುವನ್ನು ನಾಲೆಯ ಏರಿಯ ಮೇಲೆ ಅಟ್ಟಿಸಿಕೊಂಡು ಹೋಗಿ ಹಿಡಿಯುತ್ತಿದ್ದಳಂತೆ, ಗಂಡುಹುಡುಗರು ಏದುಸಿರು ಬಿಡುತ್ತಾ ಹಿಂದೆ ಉಳಿಯುತ್ತಿದ್ದರಂತೆ. ಹಾಗೆ ಓಡಿ ಬಂದ ಒಂದು ದಿನ ಮೈನೆರೆದಳು. ನಮ್ಮ ಕಡೆ ಹುಡುಗಿ ಮೈನೆರೆದರೆ ಸೋದರಮಾವ ಬಂದು ತೆಂಗಿನ ಹಸಿ ಗರಿ ಕಡಿದು ಅಂಗಳದ ಮೂಲೆಯಲ್ಲಿ ಒಂದು ಗುಡ್ಲು ಕಟ್ಟಬೇಕು. ಹುಡುಗಿಯನ್ನು ಅದರೊಳಗೆ ಕೂರಿಸಿ, ಎಳ್ಳು ಬೆಲ್ಲ ಕೊಬ್ಬರಿ ಕುಟ್ಟಿ ಮಾಡಿದ ಚಿಗಳಿ ತಿನ್ನಿಸಿ ಆರತಿ ಎತ್ತುತ್ತಾರೆ. ಗುಡ್ಲು ಕಟ್ಟಿದ ಸೋದರಮಾವನಿಗೆ ಮದುವೆ ಆಗಿಲ್ಲದಿದ್ದರೆ ಹುಡುಗಿ ಅವನಿಗೇ ಎಂದು ಊರು ತಿಳಿದುಕೊಳ್ಳುತ್ತದೆ. ಬೇರೆ ಮಾತುಕತೆ ಬೇಕಾಗುವುದಿಲ್ಲ, ಹುಡುಗಿಯನ್ನಂತೂ ಯಾರೂ ಕೇಳುವುದಿಲ್ಲ.

ಸಿದ್ದಗಂಗಮ್ಮನಿಗೆ ಗುಡ್ಲು ಕಟ್ಟಿದವರು ನಮ್ಮೂರ ದೊಡ್ಡಣ್ಣ. ಆಗಲೇ ಅವರ ಮೀಸೆ ನರೆಯಲು ಶುರುವಾಗಿತ್ತು. ಗುಡ್ಲಿನಿಂದ ಎದ್ದು ಹಸೆಮಣೆಗೆ ಬಂದ ಹುಡುಗಿ, ಅಲ್ಲಿಂದ ಎದ್ದು ತಾಯಿಯಿಲ್ಲದ ತಮ್ಮನನ್ನು ಕಂಕುಳಿಗೆ ಏರಿಸಿಕೊಂಡು ಗಂಡನ ಮನೆಗೆ ಬಂದಳು. ದೊಡ್ಡಣ್ಣ ಕೆಟ್ಟವರಲ್ಲ. ಹೆಂಡತಿಯ ಮೇಲೆ ಕೈ ಎತ್ತಿದವರಲ್ಲ. ಬಾಯಿ ಬಿಟ್ಟು ಒಂದು ಮಾತು ಆಡಿದವರೂ ಅಲ್ಲ. ಅಟ್ಟದ ಮೇಲೆ ಕೂತು ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಕೊಬ್ಬರಿ ಒಣಗಿ ಗಡಗಡ ಅನ್ನುತ್ತದೆಯೇ ಎಂದು ನೋಡುವುದೇ ಅವರ ಲೋಕ. ಹೆಂಡತಿ ಏನನ್ನುತ್ತಾಳೆ ಎಂದು ಒಂದು ದಿನ ಅದೇ ಕಿವಿ ಕೊಟ್ಟಿದ್ದರೆ ನಾನು ಇದನ್ನೆಲ್ಲ ಬರೆಯಬೇಕಾಗಿರಲಿಲ್ಲ.

ಅವರ ಒಬ್ಬಳೇ ಮಗಳು ಚಿಕ್ಕಗೌರಮ್ಮ. ನಮ್ಮ ಬಾಯಲ್ಲಿ ಗೌರಿ, ನನ್ನ ಓರಗೆಯವಳು. ನಮ್ಮ ಹೈಸ್ಕೂಲಿಗೆ ವೀರಭದ್ರಯ್ಯ ಎಂಬ ಡ್ರಿಲ್ ಮೇಷ್ಟ್ರು ಬಂದು, ಕೊಬ್ಬರಿ ಗೋಡೌನಿನ ಹಿಂದಿನ ಬಯಲಲ್ಲಿ ಬಲೆ ಕಟ್ಟಿ ಹುಡುಗಿಯರಿಗೂ ವಾಲಿಬಾಲ್ ಕಲಿಸಿದರು. ನಾನು ಉದ್ದ, ಬಲೆಯ ಪಕ್ಕ ಕಂಬದ ಹಾಗೆ ನಿಂತು ಚೆಂಡು ಎತ್ತಿಕೊಡುತ್ತಿದ್ದೆ. ಗೌರಿ ಗಿಡ್ಡಿ. ಆದರೆ ಅವಳು ಓಡಿ ಬಂದು ಎಗರಿ ಹೊಡೆದರೆ ಚೆಂಡು ಆಚೆ ಬದಿಯಲ್ಲಿ ನೆಲ ಕಚ್ಚಿದ ಸದ್ದೇ ಮೊದಲು ಕೇಳುತ್ತಿತ್ತು. ಸಂಜೆ ನಾವು ಆಡುವ ಹೊತ್ತಿಗೆ ಸರಿಯಾಗಿ ಸಿದ್ದಗಂಗಮ್ಮ ಸಗಣಿ ಬುಟ್ಟಿ ಹೊತ್ತು ಆ ಬದಿಯಲ್ಲಿ ಬರುತ್ತಿದ್ದಳು. ಆಕೆಯ ತಿಪ್ಪೆ ಇದ್ದದ್ದು ಊರಿನ ಇನ್ನೊಂದು ಮೂಲೆಯಲ್ಲಿ. ಬುಟ್ಟಿ ತಲೆಯ ಮೇಲಿದೆ ಎನ್ನುವುದನ್ನೇ ಮರೆತು, ಮಗಳು ಎಗರಿದಾಗಲೆಲ್ಲ ತಾನೂ ಹಿಮ್ಮಡಿ ಎತ್ತುತ್ತಿದ್ದಳು.

ಕಂಕುಳಲ್ಲಿ ಬಂದ ತಮ್ಮನ ಹೆಸರು ಹುಚ್ಚರಂಗಯ್ಯ. ಅಕ್ಕನ ಕೈತುತ್ತು ತಿಂದೇ ಬೆಳೆದು, ಮೀಸೆ ಬಂದ ಮೇಲೆ ದಬ್ಬೇಘಟ್ಟಕ್ಕೆ ಹಿಂದಿರುಗಿ ತಂದೆಯ ತೋಟ ನೋಡಿಕೊಳ್ಳುತ್ತಿದ್ದ. ಒಳ್ಳೆಯ ಕೆಲಸಗಾರ, ಮುಂಗೋಪಿ, ಅಕ್ಕ ಎಂದರೆ ಪ್ರಾಣ. ಗೌರಿ ತನಗೇ ಎನ್ನುವುದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ. ಅವಳ ಗುಡ್ಲಿಗೆಂದು ತೋಟದಲ್ಲಿ ಒಂದು ಮರವನ್ನೇ ಗೊತ್ತುಮಾಡಿ ಇಟ್ಟುಕೊಂಡಿದ್ದ, ಅದರ ಹಸಿ ಗರಿಯನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಗೌರಿ ಹತ್ತನೇ ಕ್ಲಾಸಿಗೆ ಬಂದರೂ ಮೈನೆರೆದಿರಲಿಲ್ಲ. ಊರು ಕಾಯುತ್ತಿತ್ತು, ರಂಗಯ್ಯ ಕಾಯುತ್ತಿದ್ದ. ಸಿದ್ದಗಂಗಮ್ಮ ಮಾತ್ರ ಇನ್ನಷ್ಟು ದಿನ ತಡವಾಗಲಿ ಎಂದು ದೇವರ ಮನೆಯಲ್ಲಿ ಕೈ ಮುಗಿಯುತ್ತಿದ್ದಳು.

ಎಪ್ಪತ್ತೊಂಬತ್ತರಲ್ಲಿ ನಮ್ಮ ತಂಡ ಗ್ರಾಮೀಣ ಕ್ರೀಡೆಗಳಲ್ಲಿ ಗೆದ್ದು ಪೇಪರಿನಲ್ಲಿ ಫೋಟೊ ಬಂತು. ಮೇಷ್ಟ್ರಿಗೆ ಮದ್ರಾಸಿನ ತರಬೇತಿಯಲ್ಲಿ ಪರಿಚಯವಾಗಿದ್ದ ಸಿಲೋನಿನ ಮೇಷ್ಟ್ರೊಬ್ಬರು, ಜಾಫ್ನಾದ ತಮ್ಮ ಶಾಲೆಯ ಉತ್ಸವದ ಪಂದ್ಯಗಳಿಗೆ ನಮ್ಮನ್ನು ಕರೆದರು. ನಮಗೆಲ್ಲ ಸಿಲೋನ್ ಎಂದರೆ ರೇಡಿಯೋದೊಳಗೆ ಇರುವ ಊರು. ಖರ್ಚನ್ನು ತಿಪಟೂರಿನ ಕೊಬ್ಬರಿ ವರ್ತಕರು ವಹಿಸಿಕೊಂಡರು. ಬೆಂಗಳೂರಿನಿಂದ ಕೋಚ್ ಒಬ್ಬರು ಮ್ಯಾನೇಜರಾಗಿ ಬರುತ್ತಾರೆ, ಫೈನಲ್‌ನಲ್ಲಿ ಚೆನ್ನಾಗಿ ಆಡಿದ ಒಬ್ಬ ಹುಡುಗಿಯನ್ನು ಕ್ರೀಡಾ ಹಾಸ್ಟೆಲಿಗೆ ಆರಿಸಿಕೊಳ್ಳುತ್ತಾರೆ ಎಂದು ಮೇಷ್ಟ್ರು ಮನೆ ಮನೆಗೆ ಬಂದು ಹೇಳಿದರು.

"ಅಲ್ಲಿಗೆ ಸೇರಿದ್ರೆ ಮದುವೆ ಗಿದುವೆ ಮಾಡೋ ಹಂಗೈತಾ ಸಾ?" ಎಂದು ಸಿದ್ದಗಂಗಮ್ಮ ಬಾಗಿಲ ಮರೆಯಿಂದ ಕೇಳಿದಳು.

"ಓದು ಮುಗಿಯೋವರ್ಗೂ ಮಾಡೋ ಹಂಗಿಲ್ಲಮ್ಮ. ಸರ್ಕಾರದ ರೂಲು."

ಆವತ್ತಿನಿಂದ ಆ ಹಾಸ್ಟೆಲ್ಲಿನ ಸೀಟು ಒಂದೇ ಆಕೆಯ ತಲೆಯಲ್ಲಿ ಕೂತುಬಿಟ್ಟಿತು. ನೀರು ಸೇದುವಾಗ ನನ್ನನ್ನು ನಿಲ್ಲಿಸಿಕೊಂಡು, "ಹಾಸ್ಟೆಲ್ಲಿಗೆ ಬೇಲಿ ಐತಾ? ಸೋದರಮಾವ ಬಂದು ಕರ್ಕೊಂಡೋಗ್ತೀನಿ ಅಂದ್ರೆ ಕಳಿಸ್ತಾರಾ?" ಎಂದು ಕೇಳುತ್ತಿದ್ದಳು. ನನಗೇನು ಗೊತ್ತು! ಕಳಿಸುವುದಿಲ್ಲ ಎಂದು ಹೇಳಿಬಿಡುತ್ತಿದ್ದೆ. ಅಷ್ಟಕ್ಕೇ ಆಕೆಯ ಮುಖ ಅರಳುತ್ತಿತ್ತು.

ದೊಡ್ಡಣ್ಣನ ಅತ್ತಿಗೆ ಭೈರಮ್ಮ ಮಾತ್ರ ಕಡ್ಡಿ ಮುರಿದಂತೆ ಹೇಳಿದಳು: "ಕಡಲಾಚೆ ದೊಡ್ಡೋಳಾದ್ರೆ ಗುಡ್ಲು ಕಟ್ಟೋರು ಯಾರು? ಹೋಗೋದು ಬ್ಯಾಡ ಬುಡು."

"ನಾನೂ ಬತ್ತೀನಿ," ಎಂದ ರಂಗಯ್ಯ. "ಅಲ್ಲೂ ತೆಂಗಿನ ಮರ ಐತಂತೆ. ಎಲ್ಲಿ ಕಟ್ಟಿದ್ರೂ ಗುಡ್ಲು ಗುಡ್ಲೇ."

ಹೀಗೆ ಒಂದು ಹುಡುಗಿಯ ಆಟಕ್ಕೆ ಒಂದು ಸಂಸಾರವೇ ಹೊರಟಿತು. ಪಾಸ್‌ಪೋರ್ಟಿಗೆಂದು ತೆಗೆಸಿದ ಫೋಟೊದಲ್ಲಿ ದೊಡ್ಡಣ್ಣ ಕಳ್ಳನ ಹಾಗೆ ಕಾಣುತ್ತಿದ್ದರು. ತಿಪಟೂರಿನಲ್ಲಿ ರೈಲು ಹತ್ತುವಾಗ ರಂಗಯ್ಯನ ಚೀಲದಲ್ಲಿ ಎರಡೇ ಮುಖ್ಯ ವಸ್ತುಗಳು: ಗರಿ ಕಡಿಯಲು ಮಚ್ಚು, ಮತ್ತು ಒಂದು ಡಬ್ಬಿ ಚಿಗಳಿ. ಮಚ್ಚನ್ನು ರಾಮೇಶ್ವರದ ಕಸ್ಟಮ್ಸ್‌ನವರು ಕಿತ್ತುಕೊಂಡರು. ಗುಡ್ಲಿನ ವಿಷಯವನ್ನು ಅವನು ಕನ್ನಡದಲ್ಲಿ ಅವರಿಗೆ ವಿವರಿಸಲು ಹೊರಟಿದ್ದ, ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವನೂ ನಕ್ಕ. ಆ ನಗುವನ್ನು ನೆನೆದರೆ ಈಗ ಸಂಕಟವಾಗುತ್ತದೆ. ಹಡಗಿನಲ್ಲಿ ದೊಡ್ಡಣ್ಣ ಕಣ್ಣು ಮುಚ್ಚಿ ಕೂತರೆ, ಸಿದ್ದಗಂಗಮ್ಮ ಮಾತ್ರ ಕಂಬಿ ಹಿಡಿದು, ಸೆರಗು ಗಾಳಿಗೆ ಹಾರಲು ಬಿಟ್ಟು, ನೀರನ್ನೇ ನೋಡುತ್ತಾ ನಿಂತಿದ್ದಳು. "ಎಷ್ಟು ದೊಡ್ಡ ಬಯಲು ಕಣವ್ವ!" ಎಂದಳು ನನಗೆ. ಆಮೇಲೆ ನನಗೆ ವಾಂತಿ ಶುರುವಾಯಿತು, ಆಕೆಯ ನೋಟ ಅಲ್ಲಿಗೆ ಮುಗಿಯಿತು.

ಜಾಫ್ನಾದಲ್ಲಿ ಶಾಲೆಯ ಕೋಣೆಗಳಲ್ಲೇ ನಮಗೆ ಬಿಡಾರ. ಸುತ್ತ ತಾಳೆಮರಗಳು, ನಡುನಡುವೆ ತೆಂಗು. ಮೊದಲ ಪಂದ್ಯಗಳನ್ನು ಗೌರಿ ಒಬ್ಬಳೇ ಗೆದ್ದುಕೊಟ್ಟಳು ಎನ್ನಬಹುದು. ಅಲ್ಲಿಯ ಜನ ಅವಳ ಹೆಸರು ಹಿಡಿದು ಕೂಗತೊಡಗಿದರು. ಬೆಂಗಳೂರಿನ ಕೋಚ್ ನಮ್ಮ ಮೇಷ್ಟ್ರಿಗೆ, "ಹುಡುಗಿ ಗಿಡ್ಡ, ಆದರೂ ಫೈನಲ್ ನೋಡೋಣ" ಎಂದರಂತೆ. ಅದನ್ನು ಕೇಳಿ ಸಿದ್ದಗಂಗಮ್ಮ ಆ ದಿನ ಊಟವನ್ನೇ ಮಾಡಲಿಲ್ಲ. ಗೋಡೆಗೆ ಒರಗಿ ಕೂತು, ಇನ್ನೊಂದು ದಿನ, ಇನ್ನೊಂದೇ ದಿನ ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು.

ಫೈನಲ್ ದಿನ ಬೆಳಿಗ್ಗೆ ಬಾವಿಯ ಹತ್ತಿರ ಸ್ನಾನಕ್ಕೆ ಹೋದ ಗೌರಿ ಬಿಳಿಚಿಕೊಂಡು ಕೋಣೆಗೆ ಓಡಿ ಬಂದಳು. ಅವಳ ಲಂಗ ನೋಡಿದ್ದೇ ನನಗೆ ಅರ್ಥವಾಯಿತು. ಸಿದ್ದಗಂಗಮ್ಮನೂ ನೋಡಿದಳು. ಬಾಗಿಲಿಗೆ ಅಗುಳಿ ಹಾಕಿ ಅದಕ್ಕೇ ಬೆನ್ನು ಕೊಟ್ಟು ನಿಂತಳು. ನಿಂತವಳು ಹಣೆ ಹಣೆ ಚಚ್ಚಿಕೊಂಡಳು. ಸದ್ದು ಹೊರಗೆ ಕೇಳಬಾರದೆಂದು ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ಅಂಥ ಅಳುವನ್ನು ನಾನು ಆಮೇಲೆ ಯಾವ ಸಾವಿನ ಮನೆಯಲ್ಲೂ ಕಂಡಿಲ್ಲ.

"ಅವ್ವ, ಮಾವಂಗೆ ಹೇಳ್ಬ್ಯಾಡ," ಎಂದು ಗೌರಿ ಬಿಕ್ಕಿದಳು. "ಸಂಜೆಗಂಟ ಹೇಳ್ಬ್ಯಾಡ."

ಆಗ ಬಾಗಿಲು ಬಡಿದ ಸದ್ದಾಯಿತು. ಹೊರಗೆ ರಂಗಯ್ಯ. "ಅಕ್ಕಾ, ಈ ಡಬ್ಬಿ ತಕ. ಇಲ್ಲೇನು ಗುಡ್ಲು ಕಟ್ಟೋ ಯೋಗ ಬರ್ಲಿಲ್ಲ. ಆಟಕ್ಕೆ ಮುಂಚೆ ಗೌರಿಗೆ ತಿನ್ಸು, ಮೈಗೆ ಶಕ್ತಿ ಬರ್ಲಿ."

ಸಿದ್ದಗಂಗಮ್ಮ ಬಾಗಿಲನ್ನು ಕೈ ತೂರುವಷ್ಟೇ ತೆಗೆದು ಡಬ್ಬಿ ತೆಗೆದುಕೊಂಡಳು. ಮತ್ತೆ ಅಗುಳಿ ಹಾಕಿದಳು. ಒಂದು ಚಿಗಳಿ ಮುರಿದು ಮಗಳ ಬಾಯಿಗೆ ಇಟ್ಟಳು. ಗುಡ್ಲಿಲ್ಲ, ಆರತಿಯಿಲ್ಲ, ಶಾಸ್ತ್ರ ಮಾಡಬೇಕಾದವನು ಏನೂ ತಿಳಿಯದೆ ಸಿಳ್ಳೆ ಹಾಕುತ್ತಾ ಹೊರಗೆ ಹೋಗುತ್ತಿದ್ದ. ಆಮೇಲೆ ತನ್ನ ಹಳೆಯ ಸೀರೆಯೊಂದನ್ನು ಪರಪರ ಹರಿದಳು. ನನ್ನ ಕಡೆ ತಿರುಗಿ, "ವಿಮಲಾ, ನೀನು ಬಾಯಿ ಬುಟ್ರೆ ನಾನು ಈ ಊರ ಬಾವಿಗೇ ಬೀಳ್ತೀನಿ ಕಣವ್ವ" ಎಂದಳು. ನಾನು ಹರಿದ ತುಂಡನ್ನು ಎತ್ತಿಕೊಂಡು ಮಡಚತೊಡಗಿದೆ.

ಶಾಲೆಯಲ್ಲಿ ಅಡುಗೆ ಮಾಡುವ ತಮಿಳು ಮುದುಕಿಯೊಬ್ಬಳಿದ್ದಳು. ಬಾವಿಯ ಬಳಿ ಆಗಲೇ ಕಂಡಿದ್ದಳೇನೋ, ಹಿಂಬಾಗಿಲಿನಿಂದ ಒಂದು ಹಸಿ ಮೊಟ್ಟೆ, ಒಂದು ಬಟ್ಟಲು ಎಳ್ಳೆಣ್ಣೆ ತಂದು ಗೌರಿಗೆ ಕುಡಿಸಿದಳು. ಅವರಲ್ಲೂ ಇದಕ್ಕೆ ಶಾಸ್ತ್ರವಿದೆಯಂತೆ. ಸಿದ್ದಗಂಗಮ್ಮ ತುಟಿಯ ಮೇಲೆ ಬೆರಳಿಟ್ಟು ಬೇಡಿಕೊಂಡಳು. ಮುದುಕಿ ತಲೆಯಾಡಿಸಿ, ಆಕೆಯ ಕೆನ್ನೆ ಸವರಿ ಹೋದಳು.

ನಮ್ಮ ತಂಡದ ಚಡ್ಡಿ ಬಿಳಿಯದು. ಯಾವ ಪುಣ್ಯಾತ್ಮ ಹುಡುಗಿಯರಿಗೆ ಬಿಳಿ ಬಟ್ಟೆ ಹೊಲಿಸಿದನೋ! ಮೊದಲ ಸೆಟ್ ಗೆದ್ದೆವು. ಎರಡನೆಯದರಲ್ಲಿ ಗೌರಿಯ ಎಗರು ಕುಗ್ಗಿತು, ಸೋತೆವು. ಸಿದ್ದಗಂಗಮ್ಮ ಬೆಂಚಿನ ಮೇಲೆ ಗಂಡ ಮತ್ತು ತಮ್ಮನ ನಡುವೆ ಕೂತಿದ್ದಳು. ನಾನು ಸರ್ವ್ ಮಾಡಲು ತಿರುಗಿದಾಗಲೆಲ್ಲ ಆಕೆಯ ಕಣ್ಣು ಚೆಂಡಿನ ಮೇಲಿರಲಿಲ್ಲ, ಮಗಳ ಬಟ್ಟೆಯ ಮೇಲಿತ್ತು. ಮೂರನೆಯ ಸೆಟ್ ಅರ್ಧಕ್ಕೆ ಬಂದಿರಬೇಕು. ಗೌರಿ ಒಂದು ಚೆಂಡಿಗಾಗಿ ನೆಲಕ್ಕೆ ಬಿದ್ದು ಎದ್ದಳು. ಎದ್ದಾಗ ಕಲೆ ಎಲ್ಲರಿಗೂ ಕಂಡಿತು.

ರಂಗಯ್ಯ ಎದ್ದು ನಿಂತ. "ನಿಲ್ಸ್ರೀ ಆಟನ! ನಮ್ಮ ಹುಡ್ಗೀನ ಕಳಿಸ್ರೀ ಈಚೆಗೆ!" ಎಂದು ಕೂಗಿ ಮೈದಾನಕ್ಕೆ ನುಗ್ಗಿದ. ಸಿದ್ದಗಂಗಮ್ಮ ಹಿಂದೆಯೇ ಓಡಿದಳು. ಗೆರೆಯ ಹತ್ತಿರ ಅವನಿಗೆ ಅಡ್ಡ ಬಂದು, ಎಲ್ಲರ ಎದುರಿಗೆ, ಮಣ್ಣಿನಲ್ಲಿ ಬಿದ್ದು ಅವನ ಎರಡೂ ಕಾಲು ಹಿಡಿದುಕೊಂಡಳು. ಎತ್ತಿ ಆಡಿಸಿದ ಅಕ್ಕ, ತಮ್ಮನ ಕಾಲಿಗೆ!

"ಇನ್ನು ವಸಿ ಹೊತ್ತು ಕಣಪ್ಪ. ಆ ಸಾಹೇಬ್ರು ನೋಡ್ತಾವ್ರೆ. ಆಡಿ ಮುಗಿಸ್ಲಿ ಬುಡು ನಮ್ಮಪ್ಪ. ಆಮೇಲೆ ನನ್ನನ್ನ ಏನಾದ್ರೂ ಮಾಡು."

ರಂಗಯ್ಯನ ಮುಖ ಕಪ್ಪಿಟ್ಟಿತು. "ನಿಂಗೆ ಬೆಳಿಗ್ಗೇನೇ ಗೊತ್ತಿತ್ತು. ಗೊತ್ತಿದ್ದೂ ನನ್ನ ಕೈಯಿಂದ್ಲೇ ಚಿಗಳಿ ಈಸ್ಕಂಡೆ. ನಾನೇನು ನಿಂಗೆ ಬೀದಿ ನಾಯಿಯಾ?" ಎಂದ. "ಇವತ್ತಿಂದ ನಿಂಗೆ ತವರಿಲ್ಲ, ತಮ್ಮನೂ ಇಲ್ಲ. ಸತ್ತೋದ ಅನ್ಕೊ." ಕಾಲು ಕೊಸರಿಕೊಂಡು ಹೊರಟ. ಕೊಸರಿದ ರಭಸಕ್ಕೆ ಆಕೆಯ ಮುಖ ನೆಲಕ್ಕೆ ಬಡಿಯಿತು. ದೊಡ್ಡಣ್ಣ ಬೆಂಚಿನ ಮೇಲೆ ಕೂತು ತಾಳೆಮರದ ತುದಿ ನೋಡುತ್ತಿದ್ದರು. ಆ ಮನುಷ್ಯನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಅಡುಗೆಯ ಮುದುಕಿ ಎಲ್ಲಿಂದಲೋ ಒಂದು ಕಪ್ಪು ಲಂಗ ತಂದು ಗೌರಿಯ ಸೊಂಟಕ್ಕೆ ಸುತ್ತಿ ಕಟ್ಟಿದಳು. ಸಿದ್ದಗಂಗಮ್ಮ ಮಣ್ಣಿನಿಂದ ತಲೆ ಎತ್ತಿ, ಮೂಗಿನಲ್ಲಿ ರಕ್ತ ಸುರಿಯುತ್ತಿದ್ದರೂ, "ಆಡೇ! ನಿಂತ್ಕಂಡು ಏನ್ ನೋಡ್ತಿದ್ದೀಯಾ, ಆಡೇ!" ಎಂದು ಕಿರುಚಿದಳು. ಗೌರಿ ಆಡಿದಳು. ಅಳುತ್ತಲೇ ಆಡಿದಳು. ಅವಳಿಗೆ ನಾನು ಎತ್ತಿಕೊಟ್ಟ ಕೊನೆಯ ಚೆಂಡು ಬಲೆಗೆ ಬಡಿದು ನಮ್ಮ ಕಡೆಗೇ ಬಿತ್ತು. ಸೋತೆವು.

ಹಿಂದಿರುಗುವ ಹಡಗಿನಲ್ಲಿ ಕೋಚ್ ಆರಿಸಿದ ಹುಡುಗಿಯ ಹೆಸರು ಹೇಳಿದರು. ನನ್ನದು. ಉದ್ದ ಇದ್ದಾಳೆ, ತರಬೇತಿ ಕೊಟ್ಟರೆ ಮೇಲೆ ಬರುತ್ತಾಳೆ ಎಂದರು. ಗೌರಿಯ ಕಾಲು ಭಾಗ ಆಟವೂ ನನಗೆ ಬರುತ್ತಿರಲಿಲ್ಲ, ಅದನ್ನು ಆ ಕೋಚಿಗೆ ಅಲ್ಲೇ ಹೇಳಿದೆ ಕೂಡ. ನಕ್ಕುಬಿಟ್ಟರು. ಸಿದ್ದಗಂಗಮ್ಮ ಊದಿದ ಮುಖ ಹೊತ್ತು ನನ್ನ ಹತ್ತಿರ ಬಂದು ತಲೆ ಸವರಿ, "ನೀನಾದ್ರೂ ಹೋಗವ್ವ" ಎಂದಳು. ಆ ಹಾಸ್ಟೆಲಿನಿಂದಲೇ ನನಗೆ ಓದು, ಈಗ ತಿಪಟೂರಿನಲ್ಲಿ ಬ್ಯಾಂಕಿನ ಕೆಲಸ. ರಂಗಯ್ಯ ಹಡಗಿನ ಇನ್ನೊಂದು ತುದಿಯಲ್ಲಿ ಬೆನ್ನು ತಿರುಗಿಸಿ ಕೂತಿದ್ದ.

ಊರಿಗೆ ಹೋದವನೇ ಅವನು ಗುಡ್ಲಿಗೆಂದು ಇಟ್ಟುಕೊಂಡಿದ್ದ ಮರವನ್ನು ಬುಡಕ್ಕೆ ಕೊಡಲಿ ಹಾಕಿ ಉರುಳಿಸಿದನಂತೆ. ಫಲ ಬಿಡುವ ತೆಂಗನ್ನು ನಮ್ಮ ಕಡೆ ಯಾರೂ ಕಡಿಯುವುದಿಲ್ಲ. ಅದನ್ನು ಕೇಳಿದ ದಿನ ಸಿದ್ದಗಂಗಮ್ಮ ಒಲೆ ಹಚ್ಚಲಿಲ್ಲ. ಗೌರಿ ನನಗೆ ಬೇಡ ಎಂದು ಹೇಳಿಕಳಿಸಿ ಅವನು ಬೇರೆ ಮದುವೆಯಾದ. ಪರದೇಶದಲ್ಲಿ ಹತ್ತು ಜನರ ಎದುರು ದೊಡ್ಡವಳಾದ, ಗುಡ್ಲೇ ಕಾಣದ ಹುಡುಗಿ ಎಂದು ನೆಂಟರಿಷ್ಟರೂ ದೂರವಾದರು. ಗೌರಿ ಓದಿ, ಟ್ರೈನಿಂಗ್ ಮುಗಿಸಿ, ಚಿಕ್ಕನಾಯಕನಹಳ್ಳಿಯಲ್ಲಿ ಮೇಡಂ ಆದಳು. ಅಲ್ಲಿಯ ಹುಡುಗಿಯರಿಗೆ ವಾಲಿಬಾಲ್ ಕಲಿಸುತ್ತಾಳೆ. ಅವಳ ತಂಡದ ಚಡ್ಡಿ ಕಪ್ಪು.

ಗೌರಿಹಬ್ಬ ಬಂದರೆ ನಮ್ಮ ಕಡೆ ತವರಿನಿಂದ ಬಾಗಿನ ಬರುತ್ತದೆ. ಸಿದ್ದಗಂಗಮ್ಮ ಪ್ರತಿ ಹಬ್ಬಕ್ಕೂ ಹೊಸ್ತಿಲು ತೊಳೆದು, ಬಸ್ಸು ನಿಲ್ಲುವ ಕಡೆ ನೋಡುತ್ತಾ ಕೂರುತ್ತಿದ್ದಳು. ಒಮ್ಮೆ ತಡೆಯಲಾರದೆ ತಾನೇ ದಬ್ಬೇಘಟ್ಟಕ್ಕೆ ಹೋದಳು. ಅಕ್ಕ ಬರುವುದನ್ನು ಕಂಡು ರಂಗಯ್ಯ ಮನೆಗೆ ಬೀಗ ಹಾಕಿ ತೋಟಕ್ಕೆ ಹೋಗಿಬಿಟ್ಟ. ಆಕೆ ಜಗಲಿಯ ಮೇಲೆ ಸಂಜೆಯ ಬಸ್ಸಿನವರೆಗೂ ಕೂತು ಹಿಂದಿರುಗಿದಳು. ಈ ವರ್ಷ ಕಾಮಾಲೆ ಹಿಡಿಯಿತು. ಕೊನೆಯ ದಿನಗಳಲ್ಲಿ ಮಗಳನ್ನು ಕೇಳಿದ್ದು ಒಂದೇ: "ರಂಗ ಬಂದ್ನೇನೇ?"

ಹೆಣ್ಣುಮಗಳು ಸತ್ತರೆ ತವರಿನ ಸೀರೆ ಹೊದಿಸದೆ ಎತ್ತುವ ಹಾಗಿಲ್ಲ. ಹೇಳಿಕಳಿಸಿ ಕಾದೆವು. ಬರುವುದಿಲ್ಲ ಎಂದು ಎಲ್ಲರೂ ಅಂದುಕೊಳ್ಳುವ ಹೊತ್ತಿಗೆ ರಂಗಯ್ಯ ಬಸ್ಸಿಳಿದು ಬಂದ. ಕಂಕುಳಲ್ಲಿ ಸೀರೆಯ ಗಂಟು. ಹೆಣದ ಕಡೆ ನೋಡಲಿಲ್ಲ. ಅಂಗಳದಲ್ಲಿ ಚಟ್ಟಕ್ಕೆ ಹಸಿ ಗರಿ ಹೆಣೆಯುತ್ತಿದ್ದವರನ್ನು ಎಬ್ಬಿಸಿ, "ಸರಿಯಾಗಿ ಹೆಣೆದಿಲ್ಲ" ಎಂದು ಎಲ್ಲವನ್ನೂ ಬಿಚ್ಚಿ ತಾನೇ ಹೆಣೆಯಲು ಕೂತ. ಗೌರಿ ಎದ್ದು ಬಂದು ಎದುರಿಗೆ ಕೂತು ಗರಿಯ ಇನ್ನೊಂದು ತುದಿ ಹಿಡಿದುಕೊಂಡಳು.

"ಬಾಯಿ ಬುಟ್ಟು ಕೇಳಿದ್ದಿದ್ರೆ ಬುಟ್ಟಿರ್ತಿದ್ದೆ ಕಣವ್ವ," ಎಂದ ರಂಗಯ್ಯ, ಗರಿಯನ್ನೇ ನೋಡುತ್ತಾ. "ಡಬ್ಬಿ ಈಸ್ಕಳ್ವಾಗ್ಲೇ, ರಂಗ, ಹಿಂಗಾಗೈತೆ, ಹುಡ್ಗಿ ಆಡ್ಲಿ ಅಂದಿದ್ರೆ ನಾನೇನು ಬ್ಯಾಡ ಅಂತಿದ್ನಾ? ಅಕ್ಕ ಕೇಳಿದ್ರೆ ನಾನು ಏನು ಇಲ್ಲ ಅಂದಿದ್ದೆ?"

ಗೌರಿ ಅವನನ್ನೇ ನೋಡಿದಳು. "ಕಾಲು ಹಿಡ್ಕಂಡು ಕೇಳಿದ್ಲಲ್ಲ ಮಾವ. ಆವಾಗ ಬುಟ್ಯಾ?"

ರಂಗಯ್ಯನ ಕೈಯಲ್ಲಿದ್ದ ಗರಿ ಜಾರಿ ಬಿತ್ತು. ಗೌರಿ ಅದನ್ನು ತನ್ನ ಕಡೆಗೆ ಎಳೆದುಕೊಂಡು, ಅವನು ಬಿಟ್ಟ ಕಡೆಯಿಂದಲೇ ಹೆಣೆಯತೊಡಗಿದಳು. ಹೆಂಗಸರು ಚಟ್ಟಕ್ಕೆ ಗರಿ ಹೆಣೆಯಬಾರದು ಎಂದು ಯಾರೋ ಹಿಂದಿನಿಂದ ಹೇಳಿದರು. ಅವಳು ತಲೆ ಎತ್ತಲಿಲ್ಲ.